ಪಾಸ್‌ಬುಕ್ಕಿನಲ್ಲಿರುವ ಇತರರು



ಮನೆಯ ಜಮಾ ಖರ್ಚು ಬರೆದಿಡುವ ಕೆಲಸವನ್ನು ಈಗ ಫೋನು ಮಾಡುತ್ತದೆ. ಒಂದು ಆ್ಯಪ್ ಹಾಕಿಕೊಂಡು ಬ್ಯಾಂಕ್ ಖಾತೆಯನ್ನು ಅದಕ್ಕೆ ಜೋಡಿಸಿದರೆ ಮುಗಿಯಿತು. ವ್ಯವಹಾರಗಳನ್ನೆಲ್ಲ ಅದೇ ತರಿಸಿಕೊಳ್ಳುತ್ತದೆ. ದಿನಸಿಗೆ ಇಷ್ಟು, ಪೆಟ್ರೋಲಿಗೆ ಇಷ್ಟು, ಔಷಧಿಗೆ ಇಷ್ಟು, ಕಂತಿಗೆ ಇಷ್ಟು ಎಂದು ವಿಂಗಡಿಸಿ ತಿಂಗಳ ಕೊನೆಗೆ ಮುಂದಿಡುತ್ತದೆ. ಇದನ್ನು ಹಳಿಯಲು ನಾನು ಇಲ್ಲಿ ನಿಂತಿಲ್ಲ. ಲೆಕ್ಕ ಇಡುವ ಮನೆಗಳು ಸಾಲದಿಂದ ಬೇಗ ಹೊರಬರುವುದನ್ನು ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕೂತು ಬಹಳ ಕಾಲ ನೋಡಿದ್ದೇನೆ. ಪುಸ್ತಕದಲ್ಲಿ ಬರೆಯಲು ಬೇಸರಪಡುವ ತರುಣರು ಫೋನಿನಲ್ಲಾದರೂ ಲೆಕ್ಕ ನೋಡುತ್ತಾರೆಂದರೆ ಅದು ಸಂತೋಷದ ಸಂಗತಿಯೇ.

ನನ್ನ ಆತಂಕ ಬೇರೆ. ಖಾತೆಯ ವಿವರವನ್ನು ಆ್ಯಪಿಗೆ ಒಪ್ಪಿಸುವಾಗ, ಹೊರಗೆ ಹೋಗುತ್ತಿರುವುದು ನಮ್ಮ ಗುಟ್ಟು ಮಾತ್ರ ಎಂದು ನಾವು ತಿಳಿಯುತ್ತೇವೆ. ಕಾನೂನು ಮಾಡುವವರೂ ಹಾಗೇ ತಿಳಿದಿದ್ದಾರೆ, ಸಾಫ್ಟ್‌ವೇರ್ ಬರೆಯುವವರೂ ಹಾಗೇ ತಿಳಿದಿದ್ದಾರೆ. ಆದರೆ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಖಾತೆದಾರ ಒಬ್ಬನೇ ಇರುವುದಿಲ್ಲ. ಪ್ರತಿ ಸಾಲಿನಲ್ಲೂ ಕೊಟ್ಟವರೊಬ್ಬರು, ಪಡೆದವರೊಬ್ಬರು ಇರುತ್ತಾರೆ. ಒಬ್ಬರು ಒತ್ತಿದ ಒಪ್ಪಿಗೆಯ ಗುಂಡಿಯ ಮೇಲೆ ನೂರಾರು ಜನರ ವಿಷಯ ಸಾಗಿಹೋಗುತ್ತಿದೆ. ಆ ಇತರರ ಪರವಾಗಿ ಇವತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ.

ರಾಷ್ಟ್ರೀಕೃತ ಬ್ಯಾಂಕಿಗೆ ಸೇರುವವರು ಕೆಲಸಕ್ಕೆ ಕೂರುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕು. ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆ ಅದು. ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ 1970ರ ಕಾಯ್ದೆಯ 13ನೇ ಕಲಮು ಅದನ್ನು ಕಡ್ಡಾಯ ಮಾಡಿದೆ. ಘೋಷಣೆಯ ನಮೂನೆಯೂ ಅದೇ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ. ನಿರ್ದೇಶಕರಿಂದ ಗುಮಾಸ್ತರವರೆಗೆ ಯಾರಿಗೂ ವಿನಾಯಿತಿಯಿಲ್ಲ. ನಾನೂ ಸಹಿ ಹಾಕಿದವನೇ. ಹೊಸಬರಿಗೆ ಹಿರಿಯ ಗುಮಾಸ್ತರು ಹೇಳಿಕೊಡುತ್ತಿದ್ದ ಮೊದಲ ಪಾಠ ಅದರಿಂದಲೇ ಹುಟ್ಟಿದ್ದು: ಲೆಡ್ಜರಿನಲ್ಲಿ ಕಂಡದ್ದನ್ನು ಮನೆಯ ಹೊಸಿಲು ದಾಟಿಸಬಾರದು. ಸಣ್ಣ ಊರಿನಲ್ಲಿ ಅದು ಸುಲಭವಾಗಿರಲಿಲ್ಲ. ಯಾರ ಮಗಳ ಮದುವೆಗೆ ಒಡವೆ ಅಡವು ಬಿದ್ದಿದೆ, ಯಾವ ಅಂಗಡಿಯವರ ಚೆಕ್ಕು ವಾಪಸು ಬಂದಿದೆ, ಯಾವ ಗಂಡಸು ಯಾವ ವಿಳಾಸಕ್ಕೆ ತಿಂಗಳು ತಿಂಗಳು ಡ್ರಾಫ್ಟ್ ತೆಗೆಸುತ್ತಾನೆ ಎಂಬುದೆಲ್ಲ ನಮಗೆ ತಿಳಿಯುತ್ತಿತ್ತು. ಸಂಜೆ ಅದೇ ಜನ ದೇವಸ್ಥಾನದಲ್ಲೋ ಮಾರುಕಟ್ಟೆಯಲ್ಲೋ ಎದುರಾಗುತ್ತಿದ್ದರು.

ನಮ್ಮ ಕರಾವಳಿ ಬ್ಯಾಂಕುಗಳ ತವರು. ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಆರಂಭಿಸಿದ್ದು 1906ರಲ್ಲಿ. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಾಗ ದಿನಕ್ಕೆ ಎರಡಾಣೆ ಉಳಿಸುವವರ ಮನೆ ಬಾಗಿಲಿಗೂ ಬ್ಯಾಂಕು ನಡೆದು ಬಂತು. ಮನೆಮನೆಗೆ ಹೋಗಿ ಹಣ ಸಂಗ್ರಹಿಸುತ್ತಿದ್ದ ಪಿಗ್ಮಿ ಏಜೆಂಟರಿಗೆ ಬೀದಿಯ ಸಂಸಾರಗಳೆಲ್ಲ ಗೊತ್ತಿದ್ದವು. ಯಾರ ಕೈ ಬಿಗಿಯಾಗಿದೆ, ಯಾರು ಮೂರು ದಿನದಿಂದ ಕಟ್ಟಿಲ್ಲ ಎಂಬುದು ತಿಳಿದೂ ಅವರು ಪಕ್ಕದ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಮರುದಿನ ಆ ಬೀದಿಯಲ್ಲಿ ಅವರಿಗೆ ಕೆಲಸವಿರುತ್ತಿರಲಿಲ್ಲ. ಅವರ ಮುಖ ನಮಗೆ ಗೊತ್ತಿತ್ತು, ಅವರು ತಪ್ಪಿದರೆ ಕೇಳುವ ಜಾಗ ಗೊತ್ತಿತ್ತು.

ಬ್ಯಾಂಕಿನ ಗೋಪ್ಯತೆಯ ಕಾನೂನನ್ನು ಓದುವವರೆಲ್ಲ 1924ರ ಒಂದು ಇಂಗ್ಲಿಷ್ ಮೊಕದ್ದಮೆಯಿಂದ ಶುರು ಮಾಡುತ್ತಾರೆ. ಟೂರ್ನಿಯರ್ ಎಂಬಾತ ಲಂಡನ್ನಿನ ನ್ಯಾಷನಲ್ ಪ್ರಾವಿನ್ಷಿಯಲ್ ಬ್ಯಾಂಕಿನ ಗಿರಾಕಿ. 9 ಪೌಂಡ್ ಚಿಲ್ಲರೆ ಓವರ್‌ಡ್ರಾಫ್ಟ್ ಮಾಡಿದ್ದ. ವಾರಕ್ಕೆ 1 ಪೌಂಡಿನಂತೆ ತೀರಿಸುತ್ತೇನೆಂದು ಒಪ್ಪಿದ್ದವನು ಕೆಲವು ಕಂತು ಕಟ್ಟಿ ನಿಲ್ಲಿಸಿದ. ಅದೇ ಬ್ಯಾಂಕಿನ ಇನ್ನೊಬ್ಬ ಗಿರಾಕಿ ಅವನ ಹೆಸರಿಗೆ ಒಂದು ಚೆಕ್ಕು ಬರೆದಿದ್ದ. ಟೂರ್ನಿಯರ್ ಅದನ್ನು ತನ್ನ ಖಾತೆಗೆ ಹಾಕದೆ ಬೇರೊಬ್ಬರಿಗೆ ವರ್ಗಾಯಿಸಿದ. ಮ್ಯಾನೇಜರ್ ವಿಚಾರಿಸಿದಾಗ ಹಣ ಹೋದದ್ದು ಜೂಜಿನ ಬುಕ್ಕಿಯೊಬ್ಬನಿಗೆ ಎಂದು ತಿಳಿಯಿತು. ಮನೆಯ ವಿಳಾಸ ಕೇಳುವ ನೆಪದಲ್ಲಿ ಮ್ಯಾನೇಜರ್ ಟೂರ್ನಿಯರನ ಧಣಿಗಳಿಗೆ ಫೋನು ಮಾಡಿ ಬಾಕಿಯ ವಿಷಯವನ್ನೂ ಬುಕ್ಕಿಯ ವಿಷಯವನ್ನೂ ಆಡಿಬಿಟ್ಟ. ಅವಧಿ ಮುಗಿದಾಗ ಧಣಿಗಳು ಟೂರ್ನಿಯರನ ಕೆಲಸವನ್ನು ಮುಂದುವರಿಸಲಿಲ್ಲ.

ಮೇಲ್ಮನವಿ ನ್ಯಾಯಾಲಯ ಟೂರ್ನಿಯರನ ಪರವಾಗಿ ನಿಂತಿತು. ಗಿರಾಕಿಯ ಗುಟ್ಟು ಕಾಯುವುದು ಬ್ಯಾಂಕಿನ ಕರ್ತವ್ಯ, ಖಾತೆ ಮುಚ್ಚಿದ ಮೇಲೂ ಅದು ಮುಗಿಯುವುದಿಲ್ಲ ಎಂದಿತು. ಆ ಕರ್ತವ್ಯಕ್ಕೆ ನಾಲ್ಕೇ ವಿನಾಯಿತಿ: ಕಾನೂನಿನ ಒತ್ತಾಯ, ಸಾರ್ವಜನಿಕ ಹಿತ, ಬ್ಯಾಂಕಿನ ಸ್ವಂತ ರಕ್ಷಣೆ, ಗಿರಾಕಿಯ ಒಪ್ಪಿಗೆ. ಈ ಪಟ್ಟಿಯನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಅದೇ ತೀರ್ಪಿನಲ್ಲಿರುವ ಇನ್ನೊಂದು ಅಂಶಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಬುಕ್ಕಿಯ ವಿಷಯ ಟೂರ್ನಿಯರನ ಖಾತೆಯಿಂದ ಗೊತ್ತಾದದ್ದಲ್ಲ, ಇನ್ನೊಬ್ಬರು ಬರೆದ ಚೆಕ್ಕಿನ ಬೆನ್ನು ಹಿಡಿದು ಹೋಗಿ ಗೊತ್ತಾದದ್ದು. ಅದಕ್ಕೂ ಗೋಪ್ಯತೆ ಅನ್ವಯಿಸುತ್ತದೆಯೇ ಎಂಬಲ್ಲಿ ಮೂವರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂತು. ಸ್ಕ್ರಟನ್ ಒಪ್ಪಲಿಲ್ಲ. ಬ್ಯಾಂಕ್ಸ್ ಮತ್ತು ಅಟ್ಕಿನ್ ಒಪ್ಪಿದರು. ಒಬ್ಬನ ಗುಟ್ಟು ಇನ್ನೊಬ್ಬನ ಖಾತೆಯಲ್ಲೂ ಇರುತ್ತದೆ, ಅಲ್ಲಿಂದ ತಿಳಿದರೂ ಅದು ಗುಟ್ಟೇ ಎಂದು 100 ವರ್ಷದ ಹಿಂದೆಯೇ ಇಬ್ಬರು ನ್ಯಾಯಮೂರ್ತಿಗಳು ಕಂಡುಕೊಂಡಿದ್ದರು. ಇಂದಿನ ಆ್ಯಪುಗಳ ಕಾಲದಲ್ಲಿ ನಮಗೆ ಬೇಕಾಗಿರುವ ತಿಳಿವಳಿಕೆ ಅದೇ.

ಅಮೆರಿಕದ ಸುಪ್ರೀಂ ಕೋರ್ಟು 1976ರಲ್ಲಿ ಮಿಲ್ಲರ್ ಮೊಕದ್ದಮೆಯಲ್ಲಿ ತದ್ವಿರುದ್ಧ ದಿಕ್ಕಿಗೆ ಹೋಯಿತು. ಬ್ಯಾಂಕಿಗೆ ಒಮ್ಮೆ ಒಪ್ಪಿಸಿದ ದಾಖಲೆ ಬ್ಯಾಂಕಿನದು, ಅದರ ಮೇಲೆ ಗಿರಾಕಿ ಖಾಸಗಿತನದ ಹಕ್ಕು ಸಾಧಿಸಲಾಗದು ಎಂದಿತು. ಎರಡು ವರ್ಷದಲ್ಲಿ ಅಲ್ಲಿನ ಸಂಸತ್ತು ಹೊಸ ಕಾಯ್ದೆ ತಂದು ತಕ್ಕಮಟ್ಟಿಗೆ ತೇಪೆ ಹಾಕಬೇಕಾಯಿತು. ನಮ್ಮ ಸುಪ್ರೀಂ ಕೋರ್ಟು ಆ ದಾರಿ ಹಿಡಿಯಲಿಲ್ಲ ಎಂಬುದು ನನಗೆ ಹೆಮ್ಮೆ ತರುವ ಸಂಗತಿ, ಇಲ್ಲಿನ ಮೊಕದ್ದಮೆಯಲ್ಲಿ ಸರ್ಕಾರಕ್ಕೆ ಎದುರು ನಿಂತದ್ದು ನಮ್ಮ ನೆಲದ ಬ್ಯಾಂಕು ಎಂಬುದು ಇನ್ನೂ ಹೆಮ್ಮೆ. ಮುದ್ರಾಂಕ ಶುಲ್ಕದ ಕಾಯ್ದೆಗೆ ಆಂಧ್ರಪ್ರದೇಶ ತಂದಿದ್ದ ತಿದ್ದುಪಡಿಯ ಪ್ರಕಾರ ಕಲೆಕ್ಟರ್ ಅಧಿಕಾರ ಕೊಟ್ಟ ಯಾರೇ ಆದರೂ ಬ್ಯಾಂಕಿಗೆ ನುಗ್ಗಿ ಗಿರಾಕಿಗಳ ದಾಖಲೆ ತಪಾಸಿಸಬಹುದಿತ್ತು. ಕೆನರಾ ಬ್ಯಾಂಕು ಅದನ್ನು ಪ್ರಶ್ನಿಸಿತು. 2004ರ ನವೆಂಬರಿನಲ್ಲಿ ತೀರ್ಪು ಬಂತು. ದಾಖಲೆ ಬ್ಯಾಂಕಿನ ಕೈಯಲ್ಲಿದೆ ಎಂದ ಮಾತ್ರಕ್ಕೆ ಅದರ ಖಾಸಗಿತನ ಹೋಗುವುದಿಲ್ಲ, ಖಾಸಗಿತನ ವ್ಯಕ್ತಿಗೆ ಅಂಟಿಕೊಂಡದ್ದು, ಜಾಗಕ್ಕಲ್ಲ ಎಂದು ನ್ಯಾಯಾಲಯ ಹೇಳಿತು. ಮುಂದೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆಗೆ ಹೆಸರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರು 80 ದಾಟಿದ್ದರು.

ಇಷ್ಟೆಲ್ಲ ಕಾವಲು ಇರುವುದು ಬ್ಯಾಂಕಿನ ಬಾಗಿಲಿಗೆ. ಟೂರ್ನಿಯರ್ ತೀರ್ಪಿನ ನಾಲ್ಕನೆಯ ವಿನಾಯಿತಿಯಾದ ಗಿರಾಕಿಯ ಒಪ್ಪಿಗೆ ಆ ಕಾಲದಲ್ಲಿ ಅಪರೂಪದ್ದು. ಸಾಲಕ್ಕೆ ಜಾಮೀನು ನಿಲ್ಲುವಾಗಲೋ ವೀಸಾಕ್ಕೆ ಅರ್ಜಿ ಹಾಕುವಾಗಲೋ ಬೇಕಾಗುತ್ತಿದ್ದ ಒಂದು ಪತ್ರ. ಈಗ ಎಲ್ಲರೂ ಓಡಾಡುವ ದಾರಿ ಅದೇ ಆಗಿದೆ.

ಈ ದಾರಿ ಮೊದಲು ತೆರೆದದ್ದು ಅಮೆರಿಕದಲ್ಲಿ. ಯೋಡ್ಲಿ ಎಂಬ ಕಂಪನಿ 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಅದರ ದೊಡ್ಡ ಕಚೇರಿ ಬೆಂಗಳೂರಿನಲ್ಲಿತ್ತು, ನಮ್ಮ ಹುಡುಗ ಹುಡುಗಿಯರೇ ಆ ಸಾಫ್ಟ್‌ವೇರಿನ ಮೇಲೆ ದುಡಿದರು. ಗಿರಾಕಿ ತನ್ನ ನೆಟ್‌ಬ್ಯಾಂಕಿಂಗ್ ಹೆಸರು, ಪಾಸ್‌ವರ್ಡನ್ನು ಕಂಪನಿಗೆ ಕೊಡುತ್ತಿದ್ದ. ಕಂಪನಿಯ ಯಂತ್ರ ಅವನ ಹೆಸರಿನಲ್ಲೇ ಬ್ಯಾಂಕಿನ ತಾಣಕ್ಕೆ ಹೋಗಿ, ಪರದೆಯ ಮೇಲಿನ ವ್ಯವಹಾರಗಳನ್ನು ಎತ್ತಿಕೊಂಡು ಬರುತ್ತಿತ್ತು. ಬ್ಯಾಂಕಿಗೆ ಕಾಣುತ್ತಿದ್ದುದು ತನ್ನ ಗಿರಾಕಿಯೇ ಬಂದುಹೋದಂತೆ. 2007ರಲ್ಲಿ ಬಂದ ಮಿಂಟ್ ಎಂಬ ಮನೆಲೆಕ್ಕದ ತಾಣ ಮೊದಲಿಗೆ ಯೋಡ್ಲಿಯ ಈ ಸೇವೆಯ ಮೇಲೇ ನಿಂತಿತ್ತು. ಎರಡು ವರ್ಷದಲ್ಲಿ ಇಂಟ್ಯೂಟ್ ಕಂಪನಿ ಅದನ್ನು 17 ಕೋಟಿ ಡಾಲರಿಗೆ ಕೊಂಡುಕೊಂಡಿತು. ಬಳಸುವವರು ಕಾಸು ಕೊಡಬೇಕಿರಲಿಲ್ಲ, ಅವರ ಖರ್ಚು ನೋಡಿ ತಕ್ಕ ಕ್ರೆಡಿಟ್ ಕಾರ್ಡು, ತಕ್ಕ ಸಾಲ ಸೂಚಿಸುವುದರಿಂದ ಕಂಪನಿಗೆ ಆದಾಯ. 2024ರ ಮಾರ್ಚಿನಲ್ಲಿ ಮಿಂಟ್ ಮುಚ್ಚಿತು.

ವಿಷಯ ಬಿಗಡಾಯಿಸಿದ್ದು ಲೆಕ್ಕದ ಸೇವೆಯ ಹಿಂಬಾಗಿಲಲ್ಲಿ. 2020ರ ಜನವರಿಯಲ್ಲಿ ಅಮೆರಿಕದ ಸೆನೆಟರುಗಳಾದ ರಾನ್ ವೈಡನ್, ಶೆರಾಡ್ ಬ್ರೌನ್ ಮತ್ತು ಪ್ರತಿನಿಧಿ ಸಭೆಯ ಆನಾ ಎಶೂ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿಗೆ ಪತ್ರ ಬರೆದು, ಜನರ ಬ್ಯಾಂಕ್ ಮತ್ತು ಕಾರ್ಡ್ ವ್ಯವಹಾರಗಳನ್ನು ಯೋಡ್ಲಿ ಮಾರುತ್ತಿರುವುದನ್ನು ತನಿಖೆ ಮಾಡಿ ಎಂದು ಕೇಳಿದರು. ಕೊಳ್ಳುವವರಲ್ಲಿ ಷೇರುಪೇಟೆಯ ಹೂಡಿಕೆ ಸಂಸ್ಥೆಗಳಿದ್ದವು. ಜನ ಯಾವ ಅಂಗಡಿಯಲ್ಲಿ ಹೆಚ್ಚು ಖರ್ಚು ಮಾಡುತ್ತಿದ್ದಾರೆ ಎಂದು ಮೊದಲೇ ತಿಳಿದರೆ ಆ ಕಂಪನಿಯ ಷೇರಿನ ಗತಿಯೂ ತಿಳಿಯುತ್ತದಲ್ಲ. ಇದೇ ಕೆಲಸದಲ್ಲಿರುವ ಪ್ಲೇಡ್ ಎಂಬ ಇನ್ನೊಂದು ಕಂಪನಿಯ ಮೇಲೆ, ಬ್ಯಾಂಕಿನದೇ ಎಂಬಂತೆ ಕಾಣುವ ಲಾಗಿನ್ ಪರದೆ ತೋರಿಸಿ ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಎತ್ತಿಕೊಂಡಿತು ಎಂದು ಸಾಮೂಹಿಕ ದಾವೆ ಬಿತ್ತು. ತಪ್ಪು ಒಪ್ಪಿಕೊಳ್ಳದೆಯೇ ಅದು 5.8 ಕೋಟಿ ಡಾಲರಿಗೆ ರಾಜಿಯಾಯಿತು.

ಹೆಸರು ತೆಗೆದು ಕೊಡುತ್ತೇವೆ, ಆದ್ದರಿಂದ ಯಾರಿಗೂ ಅಪಾಯವಿಲ್ಲ ಎಂಬುದು ಇಂಥ ವ್ಯಾಪಾರದ ಸಿದ್ಧ ಸಮರ್ಥನೆ. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ತಕ್ಕ ಉತ್ತರ ಕೊಟ್ಟಿದೆ. ಇವ್ ಅಲೆಕ್ಸಾಂಡರ್ ದ ಮೊಂಜೋಯ್ ಮತ್ತು ಸಂಗಡಿಗರು 11 ಲಕ್ಷ ಜನರ ಮೂರು ತಿಂಗಳ ಕ್ರೆಡಿಟ್ ಕಾರ್ಡ್ ವ್ಯವಹಾರಗಳನ್ನು ಪರೀಕ್ಷಿಸಿದರು. ಹೆಸರಿಲ್ಲ, ಖಾತೆ ಸಂಖ್ಯೆಯಿಲ್ಲ. ಒಬ್ಬ ವ್ಯಕ್ತಿ ಯಾವ ದಿನ ಯಾವ ಅಂಗಡಿಗೆ ಹೋಗಿದ್ದ ಎಂಬ ನಾಲ್ಕೇ ನಾಲ್ಕು ತುಣುಕು ಗೊತ್ತಿದ್ದರೆ 100ರಲ್ಲಿ 90 ಜನರನ್ನು ಆ ರಾಶಿಯಲ್ಲಿ ಬೇರೆಯಾಗಿ ಗುರುತಿಸಬಹುದಿತ್ತು. ಮೊತ್ತವೂ ಸುಮಾರಾಗಿ ಗೊತ್ತಿದ್ದರೆ ಕೆಲಸ ಇನ್ನೂ ಸಲೀಸು. ಹೆಂಗಸರನ್ನು ಗುರುತಿಸುವುದು ಗಂಡಸರಿಗಿಂತ ಸುಲಭ ಎಂಬುದೂ ಅದರಲ್ಲಿ ಕಂಡುಬಂತು.

ಭಾರತದಲ್ಲಿ ಪಾಸ್‌ವರ್ಡ್ ಒಪ್ಪಿಸುವ ಪದ್ಧತಿ ಅಷ್ಟು ಬೇರು ಬಿಡಲಿಲ್ಲ, ಒಟಿಪಿ ಅಡ್ಡ ನಿಂತಿತು. ಇಲ್ಲಿನ ಆ್ಯಪುಗಳು ಬೇರೆ ಉಪಾಯ ಹುಡುಕಿದವು. ಖಾತೆಯಲ್ಲಿ ಏನೇ ನಡೆದರೂ ಬ್ಯಾಂಕು ಎಸ್‌ಎಂಎಸ್ ಕಳಿಸುತ್ತದೆ. ಆ ಸಂದೇಶಗಳನ್ನು ಓದಲು ಅನುಮತಿ ಪಡೆದರೆ ಪಾಸ್‌ಬುಕ್ಕು ತಾನಾಗಿ ಕೈಗೆ ಸಿಕ್ಕಂತೆ. ಆಂಡ್ರಾಯ್ಡ್ ಫೋನಿನಲ್ಲಿ ಈ ಅನುಮತಿ ಇಡಿಯಾಗಿ ಸಿಗುತ್ತದೆ. ಬ್ಯಾಂಕಿನ ಸಂದೇಶ ಮಾತ್ರ ಓದು, ಉಳಿದದ್ದು ಬೇಡ ಎನ್ನಲು ಬರುವುದಿಲ್ಲ. ರಕ್ತಪರೀಕ್ಷೆಯ ವರದಿ ಸಿದ್ಧವಾಗಿದೆ ಎಂಬ ಸಂದೇಶ, ಮಗುವಿನ ಶಾಲೆಯ ಶುಲ್ಕದ ನೆನಪೋಲೆ, ವಕೀಲರ ಕಚೇರಿಯ ಸೂಚನೆ ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿವೆ. 2018ರ ಕೊನೆಯಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರಿನಲ್ಲಿ ಈ ಅನುಮತಿಯನ್ನು ಬಿಗಿ ಮಾಡಿತಾದರೂ, ಎಸ್‌ಎಂಎಸ್ ಓದಿ ಹಣದ ಲೆಕ್ಕ ಇಡುವ ಆ್ಯಪುಗಳಿಗೆ ವಿನಾಯಿತಿಯ ಕಿಂಡಿ ಉಳಿಸಿತು. ಸಾಲದ ಆ್ಯಪುಗಳು ಫೋನಿನ ಸಂಪರ್ಕ ಪಟ್ಟಿ, ಕರೆ ವಿವರ, ಫೋಟೊಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿದೆ. ಆ ನಿಯಮ ಬಂದದ್ದು ಸಾಲ ವಸೂಲಿಯ ಹೆಸರಿನಲ್ಲಿ ನಡೆದ ಕಿರುಕುಳ ನೋಡಲಾಗದೆ. ಬರೀ ಲೆಕ್ಕ ಬರೆಯುವ ಆ್ಯಪು ಅದರ ವ್ಯಾಪ್ತಿಗೆ ಬರುವುದಿಲ್ಲ.

ಪಾಸ್‌ವರ್ಡ್, ಎಸ್‌ಎಂಎಸ್ ಎಂಬ ಈ ಎರಡು ದಾರಿಗಳಿಗಿಂತ ಎಷ್ಟೋ ಮೇಲಾದ ವ್ಯವಸ್ಥೆ ನಮ್ಮಲ್ಲೇ ರೂಪುಗೊಂಡಿದೆ ಎಂಬುದನ್ನು ಮನಸ್ಸು ಬಿಚ್ಚಿ ಹೇಳಬೇಕು. ಅದು ಅಕೌಂಟ್ ಅಗ್ರಿಗೇಟರ್. ರಿಸರ್ವ್ ಬ್ಯಾಂಕು ಇದಕ್ಕೆ ನಿಯಮ ರೂಪಿಸಿದ್ದು 2016ರ ಸೆಪ್ಟೆಂಬರಿನಲ್ಲಿ, ಜನರ ಬಳಕೆಗೆ ಬಂದದ್ದು ಐದು ವರ್ಷದ ನಂತರ. ಇಲ್ಲಿ ಪಾಸ್‌ವರ್ಡ್ ಕೇಳುವಂತೆಯೇ ಇಲ್ಲ. ಮಾಹಿತಿ ಬ್ಯಾಂಕಿನಿಂದ ಗೂಢಲಿಪಿಯಲ್ಲಿ ಹೊರಟು, ಕೇಳಿದ ಸಂಸ್ಥೆಯಲ್ಲೇ ಬಿಚ್ಚಿಕೊಳ್ಳುತ್ತದೆ. ನಡುವೆ ಸಾಗಿಸುವ ಅಗ್ರಿಗೇಟರಿಗೆ ಅದನ್ನು ಓದಲು ಬರುವುದಿಲ್ಲ, ಕೂಡಿಟ್ಟುಕೊಳ್ಳುವಂತಿಲ್ಲ. ಕೇಳುವ ಸಂಸ್ಥೆ ರಿಸರ್ವ್ ಬ್ಯಾಂಕು, ಸೆಬಿ, ವಿಮಾ ಪ್ರಾಧಿಕಾರ ಅಥವಾ ಪಿಂಚಣಿ ಪ್ರಾಧಿಕಾರದ ಕೈಕೆಳಗಿರಬೇಕು. ಒಪ್ಪಿಗೆಯೂ ಬಾಯಿಮಾತಿನದಲ್ಲ. ಯಾವ ಉದ್ದೇಶ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ವಿವರ, ಒಂದೇ ಸಲವೋ ಮತ್ತೆ ಮತ್ತೆಯೋ, ನೋಡಿ ಬಿಡುವುದೋ ಇಟ್ಟುಕೊಳ್ಳುವುದೋ, ಇಟ್ಟುಕೊಂಡರೆ ಎಷ್ಟು ದಿನ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಉದ್ದೇಶಕ್ಕೆ ಸಂಕೇತ ಸಂಖ್ಯೆಗಳಿವೆ, ಖರ್ಚಿನ ರೀತಿ ಮತ್ತು ಬಜೆಟ್ಟಿನ ಲೆಕ್ಕಕ್ಕೆ 102. ಕೊಟ್ಟ ಒಪ್ಪಿಗೆಯನ್ನು ಬೇಕೆಂದಾಗ ಹಿಂತೆಗೆದುಕೊಳ್ಳಬಹುದು. ಈ ಜಾಲದ ಒಕ್ಕೂಟವಾದ ಬೆಂಗಳೂರಿನ ಸಹಮತಿ ಸಂಸ್ಥೆ, ಯಾವ ಉದ್ದೇಶಕ್ಕೆ ಎಷ್ಟು ಕೇಳಿದರೆ ನ್ಯಾಯ ಎಂಬ ಮಾದರಿಗಳನ್ನೂ ಸಿದ್ಧಪಡಿಸಿದೆ. ಇಷ್ಟು ಕಾಳಜಿಯಿಂದ ಕಟ್ಟಿದ ವ್ಯವಸ್ಥೆ ಹೊರದೇಶಗಳಲ್ಲೂ ಹೆಚ್ಚಿಲ್ಲ.

ಹಾಗಿದ್ದೂ ಅದರಲ್ಲಿ ಒಂದು ದೊಡ್ಡ ಕೊರತೆ ಉಳಿದಿದೆ. ಅದನ್ನು ತೋರಿಸಲು ಸ್ಟೇಟ್‌ಮೆಂಟಿನ ಒಂದೇ ಒಂದು ಸಾಲನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಹಿಂದಿನ ಪಾಸ್‌ಬುಕ್ಕುಗಳನ್ನು ನೆನಪಿಸಿಕೊಳ್ಳಿ. "ಬೈ ಕ್ಯಾಶ್", "ಟು ಸೆಲ್ಫ್", ಒಂದು ಚೆಕ್ ನಂಬರು, ಮೊತ್ತ, ಗುಮಾಸ್ತರ ಸಣ್ಣ ಸಹಿ. ತಿಂಗಳಿಗೆ ನಾಲ್ಕೈದು ಸಾಲು. ಎಟಿಎಂ ಬಂದಾಗಲೂ ತೆಗೆದ ಹಣ ಎಲ್ಲಿ ಹೋಯಿತೆಂಬುದು ಖಾತೆದಾರನಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. 2016ರಲ್ಲಿ ಯುಪಿಐ ಬಂತು. ಈಗಿನ ಒಂದು ಸಾಲು ಹೀಗಿರುತ್ತದೆ, ಬ್ಯಾಂಕಿನಿಂದ ಬ್ಯಾಂಕಿಗೆ ತುಸು ವ್ಯತ್ಯಾಸವಿರಬಹುದು: ಯುಪಿಐ ಎಂಬ ಮೂರಕ್ಷರ, ಓರೆಗೆರೆ, ಡಿಆರ್, ಓರೆಗೆರೆ, 12 ಅಂಕಿಯ ಕ್ರಮಸಂಖ್ಯೆ, ಹಣ ಪಡೆದವರ ಹೆಸರು, ಅವರ ಬ್ಯಾಂಕಿನ ಸಂಕೇತ, ಅವರ ಯುಪಿಐ ವಿಳಾಸ, ಕೊನೆಯಲ್ಲಿ ಹಣ ಕಳಿಸಿದವರು ಬರೆದ ಟಿಪ್ಪಣಿ. ಯುಪಿಐ ವಿಳಾಸ ಎಷ್ಟೋ ಜನರಿಗೆ ಅವರ ಮೊಬೈಲ್ ನಂಬರೇ. ಟಿಪ್ಪಣಿಯ ಜಾಗದಲ್ಲಿ ನಮ್ಮ ಜನ ಏನು ಬರೆಯುತ್ತಾರೆಂಬುದು ನಿಮಗೇ ಗೊತ್ತು: ಅಮ್ಮನ ಮಾತ್ರೆ, ಸ್ಕ್ಯಾನಿಂಗು, ಕೈಸಾಲ ವಾಪಸು, ಲಕ್ಷ್ಮಕ್ಕನ ಸಂಬಳ, ಹರಕೆ.

ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ನರೇಶನ್ ಎನ್ನುತ್ತಾರೆ. ಲೆಕ್ಕದ ಆ್ಯಪಿಗೆ ಹೋಗುವ ಕಡತದಲ್ಲಿ ಇದು ಇದ್ದ ಹಾಗೆಯೇ ಹೋಗುತ್ತದೆ. ಮನೆಗೆಲಸಕ್ಕೆ ಬರುವ ಲಕ್ಷ್ಮಕ್ಕನ ಹೆಸರು, ನಂಬರು, ತಿಂಗಳ ಸಂಬಳ, ಯಾವ ತಿಂಗಳು ಮುಂಗಡ ತೆಗೆದುಕೊಂಡಳು ಎಂಬುದು ಹೋಯಿತು. ಆಕೆ ಆ ಆ್ಯಪಿನ ಹೆಸರನ್ನೇ ಕೇಳಿಲ್ಲ. ಮನೋವೈದ್ಯರಿಗೆ ಶುಲ್ಕ ಕೊಟ್ಟದ್ದು ಅಣ್ಣ, ಚಿಕಿತ್ಸೆ ಪಡೆದದ್ದು ತಂಗಿ. ಟಿಪ್ಪಣಿಯಲ್ಲಿ ಅವಳ ಹೆಸರಿದ್ದರೆ ಅವಳ ಕಾಯಿಲೆ ಅಣ್ಣನ ಒಪ್ಪಿಗೆಯ ಮೇಲೆ ಹೋಯಿತು. ಗಂಡನಿಗೆ ತಿಳಿಸದೆ ಗೆಳತಿಯಿಂದ ಕೈಗಡ ಪಡೆದ ಹೆಂಗಸು ಎಷ್ಟೇ ಎಚ್ಚರದಿಂದಿರಲಿ, ಗೆಳತಿಯ ಆ್ಯಪಿನಲ್ಲಿ ಆ ಸಾಲು ಕೂತಿದೆ. ತರಕಾರಿ ಗಾಡಿಯವರ ಕ್ಯೂಆರ್ ಸಂಕೇತಕ್ಕೆ ದಿನಕ್ಕೆ 100 ಜನ ಹಣ ಹಾಕುತ್ತಾರೆ. ಆ 100 ಜನರಲ್ಲಿ 40 ಜನ ಒಂದೇ ಆ್ಯಪ್ ಬಳಸಿದರೆ, ಗಾಡಿಯವರ ವ್ಯಾಪಾರದ ಏರಿಳಿತ ಅವರಿಗಿಂತ ಚೆನ್ನಾಗಿ ಆ ಕಂಪನಿಗೆ ಗೊತ್ತಿರುತ್ತದೆ.

ಹಣದ ಜಾಡಿನಿಂದ ಒಬ್ಬರ ಬದುಕಿನ ಚಿತ್ರ ಕಟ್ಟಬಹುದೆಂಬುದು ನಮ್ಮ ಬೀದಿ ವ್ಯಾಪಾರಿಗಳಿಗೆ ಒಮ್ಮೆ ಕಹಿಯಾಗಿಯೇ ತಿಳಿಯಿತು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೆಂಗಳೂರಿನ ಬೇಕರಿ, ಹಾಲು, ಬೀಡಾ ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಬರಹ ಕಾಣಿಸಿಕೊಂಡಿತು. ಇಲಾಖೆ ಆ ಜಮೆಯ ವಿವರ ಪಡೆದದ್ದು ತನ್ನ ಅಧಿಕಾರ ಬಳಸಿ, ಅದರ ಸರಿ ತಪ್ಪಿನ ಚರ್ಚೆ ಬೇರೆ. ಇಲಾಖೆಯ ನೋಟಿಸಿಗೆ ಉತ್ತರ ಕೊಡಲು ಒಂದು ಕಚೇರಿಯಿದೆ, ಮೇಲ್ಮನವಿಯಿದೆ, ಮುಖ್ಯಮಂತ್ರಿಗಳನ್ನು ಕಂಡು ಅಹವಾಲು ಹೇಳಿಕೊಳ್ಳುವ ದಾರಿಯೂ ಇತ್ತು. ಸಾವಿರ ಜನರ ಸ್ಟೇಟ್‌ಮೆಂಟುಗಳಲ್ಲಿ ಹರಿದು ಹಂಚಿಹೋದ ತಮ್ಮ ವ್ಯಾಪಾರವನ್ನು ಯಾವುದೋ ಕಂಪನಿ ಕೂಡಿಸಿ ನೋಡಿದರೆ ತರಕಾರಿಯವರು ಯಾರನ್ನು ಕೇಳಬೇಕು?

ಅಗ್ರಿಗೇಟರ್ ವ್ಯವಸ್ಥೆಯ ತಾಂತ್ರಿಕ ನಿರ್ದೇಶನವನ್ನು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ರೆಬಿಟ್ ಪ್ರಕಟಿಸಿದೆ. ಅದನ್ನು ಬಿಡುವು ಮಾಡಿಕೊಂಡು ಓದಿದೆ. ಕಳಿಸುವ ಮಾಹಿತಿಯನ್ನು ಸೋಸಲು ಅದರಲ್ಲಿ ಅವಕಾಶವಿದೆ. ಜಮೆಯನ್ನು ಮಾತ್ರ ಕಳಿಸು, ಖರ್ಚು ಬೇಡ ಎನ್ನಬಹುದು. ಇಷ್ಟು ಮೊತ್ತಕ್ಕಿಂತ ಹೆಚ್ಚಿನ ವ್ಯವಹಾರ ಮಾತ್ರ ಸಾಕು ಎನ್ನಬಹುದು. ಎಂಥ ಒಳ್ಳೆಯ ಯೋಚನೆ! ಸಂಬಳ ನೋಡಿ ಸಾಲ ಕೊಡುವವರಿಗೆ ನಾವು ಎಲ್ಲಿ ಕಾಫಿ ಕುಡಿದೆವೆಂಬ ವಿವರ ಏಕೆ ಬೇಕು? ಆದರೆ ಈ ಜರಡಿಯನ್ನು ಹಿಡಿಯುವುದು ಮಾಹಿತಿ ಕೇಳುವ ಸಂಸ್ಥೆ. ಖಾತೆದಾರನಿಗೆ ಸಿಗುವುದು ಒಪ್ಪು ಅಥವಾ ಬೇಡ ಎಂಬ ಎರಡೇ ಗುಂಡಿ. ಅಲ್ಲದೆ ಜರಡಿಗೆ ಇರುವುದು ಎರಡೇ ಕಣ್ಣು, ಮೊತ್ತ ಮತ್ತು ಜಮೆ ಖರ್ಚಿನ ಬಗೆ. ಎದುರಿಗಿರುವವರ ಹೆಸರನ್ನು ತಡೆದು ಉಳಿದದ್ದನ್ನು ಕಳಿಸು ಎನ್ನಲು ಅದರಲ್ಲಿ ಜಾಗವೇ ಇಲ್ಲ.

ಮಾಹಿತಿಯ ಆಯುಸ್ಸನ್ನು ದಿನ, ತಿಂಗಳು, ವರ್ಷಗಳಲ್ಲಿ ನಮೂದಿಸಬೇಕೆಂಬ ಅದೇ ನಿರ್ದೇಶನದಲ್ಲಿ ಅನಂತ ಎಂಬ ಆಯ್ಕೆಯೂ ಇದೆ. ಅವಧಿ ಮುಗಿದ ಮೇಲೆ ಅಳಿಸಬೇಕಾದವರು ಅಳಿಸಿದರೋ ಇಲ್ಲವೋ ಎಂದು ಖಾತೆದಾರ ಕಣ್ಣಾರೆ ಕಂಡುಕೊಳ್ಳುವ ಉಪಾಯವಿಲ್ಲ. ಒಪ್ಪಿಗೆ ಹಿಂತೆಗೆದರೆ ಮುಂದಿನ ತರಿಸಿಕೊಳ್ಳುವಿಕೆ ನಿಲ್ಲುತ್ತದೆ. ಈಗಾಗಲೇ ಹೋದದ್ದು ಅಲ್ಲೇ ಇರುತ್ತದೆ, ಅದನ್ನು ಅಳಿಸಿ ಎಂದು ಬೇರೆಯಾಗಿ ಕೇಳಬೇಕು.

ಕಾನೂನು ಇಲ್ಲಿ ನೆರವಾಗಬೇಕಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ಬ್ಯಾಂಕ್ ಖಾತೆಯ ವಿವರವನ್ನು ಸೂಕ್ಷ್ಮ ಮಾಹಿತಿ ಎಂದು ಬೇರೆಯಾಗಿ ಎಣಿಸಿದ್ದವು. ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ಕರಡಿನಲ್ಲೂ ಹಣಕಾಸಿನ ಮಾಹಿತಿಗೆ ಆ ಸ್ಥಾನವಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಇ-ಮೇಲ್ ವಿಳಾಸಕ್ಕೂ ಐದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಒಂದೇ ಅಳತೆ. ಇದು ಹಿಂದೆ ಸರಿದ ಹೆಜ್ಜೆ ಎಂದು ನಾನು ನಂಬುತ್ತೇನೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ.

ಆದರೂ ಆ ಕಾಯ್ದೆಯಲ್ಲಿ ಹಿಡಿದುಕೊಳ್ಳಬಹುದಾದ ಒಂದು ಎಳೆಯಿದೆ. ಮಾಹಿತಿ ಯಾರಿಗೆ ಸಂಬಂಧಿಸಿದ್ದೋ ಅವರೇ ಅದರ ಹಕ್ಕುದಾರರು ಎನ್ನುತ್ತದೆ ಅದು. ನನ್ನ ಸ್ಟೇಟ್‌ಮೆಂಟಿನ ಸಾಲಿನಲ್ಲಿ ಲಕ್ಷ್ಮಕ್ಕನ ಹೆಸರು, ನಂಬರು, ಸಂಬಳ ಇದ್ದರೆ ಆ ಸಾಲು ನನಗೆಷ್ಟು ಸಂಬಂಧಿಸಿದ್ದೋ ಆಕೆಗೂ ಅಷ್ಟೇ ಸಂಬಂಧಿಸಿದ್ದು. ಮನೆಯ ಸ್ವಂತ ಉಪಯೋಗಕ್ಕೆ ನಾನು ಆ ಲೆಕ್ಕ ಇಟ್ಟುಕೊಂಡರೆ ಕಾಯ್ದೆ ಅಡ್ಡ ಬರುವುದಿಲ್ಲ, ಬರಲೂ ಬಾರದು. ನನ್ನ ಕೈಯಿಂದ ಕಂಪನಿಯ ಕೈಗೆ ಹೋದ ಕ್ಷಣ ಆ ವಿನಾಯಿತಿ ಮುಗಿಯಿತು. ಅಲ್ಲಿಂದಾಚೆ ಆಕೆಯ ಒಪ್ಪಿಗೆ ಎಲ್ಲಿದೆ ಎಂದು ಕಂಪನಿಯನ್ನು ಕೇಳುವ ಹಕ್ಕು ಆಕೆಗಿದೆ ಎಂಬುದು ನನ್ನ ವಾದ. ಕಾನೂನು ಓದುತ್ತಿರುವ ಮಕ್ಕಳು ಈ ಸಭೆಯಲ್ಲಿದ್ದರೆ, ಇದನ್ನು ಮುಂದಕ್ಕೆ ಒಯ್ಯಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.

ಅಷ್ಟರಲ್ಲಿ ಮನೆಯಲ್ಲೇ ಮಾಡಬಹುದಾದ್ದೂ ಇದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಅನುಮತಿಗಳ ಪಟ್ಟಿ ತೆರೆದು ಎಸ್‌ಎಂಎಸ್ ಎಂಬಲ್ಲಿ ಯಾವ ಯಾವ ಆ್ಯಪು ಕೂತಿದೆ ಎಂದು ನೋಡಿ, ಕಾರಣ ತಿಳಿಯದ್ದನ್ನು ತೆಗೆಯಿರಿ. ಎಂದಾದರೂ ಸಾಲಕ್ಕೋ ಹೂಡಿಕೆಗೋ ಅಗ್ರಿಗೇಟರ್ ಮೂಲಕ ಒಪ್ಪಿಗೆ ಕೊಟ್ಟಿದ್ದರೆ ಆ ಅಗ್ರಿಗೇಟರಿನ ಆ್ಯಪಿಗೆ ಹೋಗಿ ಜೀವಂತ ಒಪ್ಪಿಗೆಗಳನ್ನು ಓದಿ, ಬೇಡವಾದವನ್ನು ರದ್ದು ಮಾಡಿ. ಯುಪಿಐ ಟಿಪ್ಪಣಿಯಲ್ಲಿ ಕಾಯಿಲೆ, ಜಗಳ, ಇನ್ನೊಬ್ಬರ ಹೆಸರು ಬರೆಯಬೇಡಿ. ಲೆಕ್ಕ ಇಡಲೇಬೇಕೆಂದರೆ ಗ್ನೂಕ್ಯಾಶ್‌ನಂಥ ಮುಕ್ತ ತಂತ್ರಾಂಶಗಳಿವೆ. ಬ್ಯಾಂಕಿನಿಂದ ಸ್ಟೇಟ್‌ಮೆಂಟನ್ನು ನೀವೇ ಇಳಿಸಿಕೊಂಡು ನಿಮ್ಮ ಕಂಪ್ಯೂಟರಿನಲ್ಲೇ ಅದಕ್ಕೆ ಉಣಿಸಿದರೆ ಲೆಕ್ಕ ಮನೆ ಬಿಟ್ಟು ಹೋಗುವುದಿಲ್ಲ. ತುಸು ಶ್ರಮ ಹೆಚ್ಚು, ಶುರುವಿನಲ್ಲಿ ಬೇಸರವೂ ಬರುತ್ತದೆ. ಎರಡು ತಿಂಗಳಲ್ಲಿ ಕೈ ಪಳಗುತ್ತದೆ.

ಆದರೆ ಎಲ್ಲವನ್ನೂ ಜನರ ಎಚ್ಚರದ ಮೇಲೆ ಹೇರುವುದು ನ್ಯಾಯವಲ್ಲ. ಲಕ್ಷ್ಮಕ್ಕ ಎಷ್ಟು ಎಚ್ಚರವಾಗಿದ್ದರೂ ನನ್ನ ಫೋನಿನಲ್ಲಿರುವ ತನ್ನ ಹೆಸರನ್ನು ಕಾಯಲಾರಳು. ಆದ್ದರಿಂದ ರಿಸರ್ವ್ ಬ್ಯಾಂಕು ಮಾಡಬೇಕಾದ ಒಂದು ತಿದ್ದುಪಡಿಯನ್ನು ಹೇಳಿ ಮಾತು ಮುಗಿಸುತ್ತೇನೆ. 102ನೇ ಸಂಕೇತದಡಿ ಖರ್ಚಿನ ಲೆಕ್ಕಕ್ಕೆಂದು ಮಾಹಿತಿ ಹೋಗುವಾಗ ನರೇಶನ್ ಹೋಗಬಾರದು. ಹೆಸರಿಲ್ಲದಿದ್ದರೆ ದಿನಸಿ ಯಾವುದು, ಔಷಧಿ ಯಾವುದು ಎಂದು ಆ್ಯಪಿಗೆ ತಿಳಿಯುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಅದಕ್ಕೆ ಉತ್ತರ ಆಗಲೇ ಇದೆ. ಪಾವತಿ ವ್ಯವಸ್ಥೆಯಲ್ಲಿ ನೋಂದಾಯಿತ ವ್ಯಾಪಾರಿಗಳಿಗೆ ನಾಲ್ಕಂಕಿಯ ವರ್ಗಸಂಖ್ಯೆಯಿದೆ. ದಿನಸಿಗೆ 5411, ಔಷಧಿ ಅಂಗಡಿಗೆ 5912, ಆಸ್ಪತ್ರೆಗೆ 8062. ಹೆಸರಿನ ಬದಲು ಈ ಸಂಖ್ಯೆಯನ್ನಷ್ಟೇ ಕಳಿಸಲಿ. ಆಸ್ಪತ್ರೆಯಂಥ ವರ್ಗಗಳನ್ನು ಖಾತೆದಾರ ಬಯಸಿದರೆ ಇತರೆ ಎಂದು ಮಾಡಿ ಕಳಿಸಲಿ. ವ್ಯಕ್ತಿಯಿಂದ ವ್ಯಕ್ತಿಗೆ ಹೋದ ಹಣಕ್ಕೆ ವ್ಯಕ್ತಿಗೆ ಎಂಬ ಒಂದೇ ಗುರುತು ಸಾಕು. ತಿಂಗಳಿಗೆ ಮನೆಗೆಲಸಕ್ಕೆ ಎಷ್ಟು ಹೋಯಿತೆಂದು ತಿಳಿಯಬೇಕಾದವರು ಆ ಸಾಲಿನ ಮುಂದೆ ತಾವೇ ಒಂದು ಗುರುತು ಹಾಕಿಕೊಳ್ಳಬಹುದು. ಪೂರ್ತಿ ಹೆಸರು ಬೇಕೆನಿಸಿದ ದಿನ ತಮ್ಮ ಬ್ಯಾಂಕಿನ ಆ್ಯಪಿನಲ್ಲಿ ಅದು ಹೇಗೂ ಇರುತ್ತದೆ, ಗೋಪ್ಯತೆಯ ಘೋಷಣೆಗೆ ಸಹಿ ಹಾಕಿದವರ ಕೈಕೆಳಗೆ.